ಬೈಲಕುಪ್ಪೆಯಲ್ಲಿ ಹುಟ್ಟಿದವರು, ನೆಲವಿಲ್ಲದ ಸರ್ಕಾರ ನಡೆಸುವವರು

2021ರ ಮೇ 14ರಂದು ಹಿಮಾಚಲ ಪ್ರದೇಶದ ಧರ್ಮಶಾಲೆಯಲ್ಲಿ ಒಂದು ಚುನಾವಣೆಯ ಫಲಿತಾಂಶ ಹೊರಬಿತ್ತು. ಕೋವಿಡ್ ಎರಡನೇ ಅಲೆ ದೇಶವನ್ನು ಹಿಂಡುತ್ತಿದ್ದ ದಿನಗಳವು. ಆಕ್ಸಿಜನ್, ಹಾಸಿಗೆ, ಲಸಿಕೆ ಬಿಟ್ಟರೆ ನಮಗೆ ಬೇರೆ ಸುದ್ದಿ ಬೇಕಾಗಿರಲಿಲ್ಲ. ಹಾಗಾಗಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದ ಒಬ್ಬರು, ಪ್ರಪಂಚದ ಹತ್ತಾರು ದೇಶಗಳಲ್ಲಿ ಚದುರಿಹೋದ ಒಂದು ಜನಾಂಗದ ಮತ ಪಡೆದು ಅದರ ರಾಜಕೀಯ ಮುಖ್ಯಸ್ಥರಾಗಿ ಆಯ್ಕೆಯಾದ ಸುದ್ದಿ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೇ ಬೀಳಲಿಲ್ಲ.

ಅವರ ಹೆಸರು ಪೆನ್ಪಾ ತ್ಸೆರಿಂಗ್. ಬೈಲಕುಪ್ಪೆಯ ಟಿಬೆಟನ್ ಶಿಬಿರದಲ್ಲಿ ಹುಟ್ಟಿದವರು. ಅಲ್ಲಿಯ ಟಿಬೆಟನ್ ಕೇಂದ್ರೀಯ ಶಾಲೆಯಲ್ಲಿ ಓದಿ, ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪದವಿ ಪಡೆದವರು. 2021ರಲ್ಲಿ ಅವರಿಗೆ ಬಂದ ಮತ 34,324. ಎದುರಾಳಿ ಕೆಲ್ಸಾಂಗ್ ದೋರ್ಜೀ ಅವರಿಗೆ 28,907. ಅಂತರ 5,417. ನಮ್ಮಲ್ಲಿ ಒಂದು ದೊಡ್ಡ ವಿಧಾನಸಭಾ ಕ್ಷೇತ್ರದಲ್ಲಿ ಬೀಳುವ ಮತಗಳಿಗಿಂತ ಇದು ಕಡಿಮೆಯೇ. ಆದರೆ ಆ ಮತಗಳು ಬಂದದ್ದು ಭಾರತ, ನೇಪಾಳ, ಅಮೆರಿಕ, ಕೆನಡಾ, ಯುರೋಪು, ಆಸ್ಟ್ರೇಲಿಯಾಗಳಿಂದ. ಹೆಸರು ನೋಂದಾಯಿಸಿಕೊಂಡಿದ್ದ ಸುಮಾರು 83 ಸಾವಿರ ಜನರಲ್ಲಿ ಶೇ. 77ರಷ್ಟು ಮಂದಿ ಮತ ಹಾಕಿದ್ದರು. ಕಡ್ಡಾಯವಿಲ್ಲ, ರಜೆಯ ಸುತ್ತೋಲೆ ಇಲ್ಲ, ಉಡುಗೊರೆಯ ಕುಕ್ಕರ್ ಇಲ್ಲ, ಗೆದ್ದವರ ಕೈಗೆ ಆಳಲು ಒಂದು ಅಂಗುಲ ನೆಲವೂ ಇಲ್ಲ. ಆದರೂ ಶೇ. 77.

ನಮ್ಮ ಕನ್ನಡ ಪತ್ರಿಕೆಗಳು ಇಂಥ ಸರ್ಕಾರವನ್ನು 'ದೇಶಭ್ರಷ್ಟ ಸರ್ಕಾರ' ಎಂದು ಬರೆಯುತ್ತವೆ. ಭ್ರಷ್ಟ ಎಂದರೆ ಜಾರಿದ, ಕಳೆದುಕೊಂಡ ಎಂದರ್ಥ. ಪದಭ್ರಷ್ಟ, ರಾಜ್ಯಭ್ರಷ್ಟ ಎಂಬಲ್ಲೆಲ್ಲ ಇರುವುದು ಅದೇ ಅರ್ಥ. ಇವತ್ತು ಆ ಪದ ಕಿವಿಗೆ ಬಿದ್ದರೆ ಮೊದಲು ನೆನಪಾಗುವುದು ಲೋಕಾಯುಕ್ತ ದಾಳಿ. ಅದು ನಮ್ಮ ಕಾಲದ ಗ್ರಹಚಾರ, ಪದದ ತಪ್ಪಲ್ಲ. ದೇಶ ಕಳೆದುಕೊಂಡ ಜನ ಸರ್ಕಾರ ಕಟ್ಟಿದ್ದು ಹೇಗೆ, ಅದರಲ್ಲೂ ಚುನಾವಣೆಯ ಸರ್ಕಾರ ಕಟ್ಟಿದ್ದು ಹೇಗೆ ಎಂಬುದರಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ಅದಕ್ಕೇ ಈ ಬರಹ.

ಕಾಡು ಕಡಿದು ಕಟ್ಟಿದ ಊರು

1959ರ ಮಾರ್ಚ್ 10ರಂದು ಲಾಸಾದಲ್ಲಿ ಚೀನಾ ಆಡಳಿತದ ವಿರುದ್ಧ ಜನ ದಂಗೆ ಎದ್ದರು. ಒಂದು ವಾರದ ನಂತರ, 17ರ ರಾತ್ರಿ, ದಲೈಲಾಮಾ ವೇಷ ಮರೆಸಿಕೊಂಡು ಅರಮನೆಯಿಂದ ಹೊರಬಿದ್ದರು. ಮಾರ್ಚ್ 31ಕ್ಕೆ ಭಾರತದ ಗಡಿ ಮುಟ್ಟಿದರು. ಅವರ ಹಿಂದೆಯೇ ಸಾವಿರಾರು ಜನ ಬಂದರು. ಹಿಮದ ಸೀಮೆಯವರನ್ನು ಎಲ್ಲಿ ನೆಲೆಗೊಳಿಸುವುದು ಎಂಬ ಪ್ರಶ್ನೆ ಬಂದಾಗ ಪ್ರಧಾನಿ ನೆಹರೂ ರಾಜ್ಯಗಳನ್ನು ಕೇಳಿದರು. ಮುಂದೆ ಬಂದು ಸುಮಾರು 3,000 ಎಕರೆ ಕೊಟ್ಟದ್ದು ಆಗಿನ ಮೈಸೂರು ರಾಜ್ಯ. 1960ರಲ್ಲಿ ಬೈಲಕುಪ್ಪೆಯ ಮೊದಲ ವಸಾಹತು ಲುಗ್ಸುಂಗ್ ಸಂದುಪ್ಲಿಂಗ್ ಶುರುವಾಯಿತು. ಟಿಬೆಟನ್ನರ ಕೃತಜ್ಞತೆಯ ಮಾತಿನಲ್ಲಿ ಎಸ್. ನಿಜಲಿಂಗಪ್ಪನವರ ಹೆಸರು ಎಲ್ಲಕ್ಕಿಂತ ಮೊದಲು ಬರುತ್ತದೆ. ಆ ವರ್ಷ ಮುಖ್ಯಮಂತ್ರಿಯಾಗಿದ್ದವರು ಬಿ. ಡಿ. ಜತ್ತಿ ಎಂಬುದನ್ನೂ ಜೊತೆಗೇ ನೆನೆಯಬೇಕು.

ಆ 3,000 ಎಕರೆ ಎಂದರೆ ಉತ್ತು ಹದ ಮಾಡಿದ ಹೊಲವಲ್ಲ, ಕಾಡು. ಮರ ಕಡಿಯಬೇಕು, ಬೇರು ಕೀಳಬೇಕು, ಸುಡಬೇಕು. ಆನೆಗಳ ಕಾಟ ಬೇರೆ. ಚಳಿ ಸೀಮೆಯ ಮೈಗೆ ದಕ್ಷಿಣದ ಬಿಸಿಲು ಒಗ್ಗಲಿಲ್ಲ. ರೋಗ ಬಂದು ಸತ್ತವರು ಅನೇಕರು. ಬಾರ್ಲಿ ಬೆಳೆದು ಗೊತ್ತಿದ್ದ ಕೈಗಳು ಮುಸುಕಿನ ಜೋಳ ಬಿತ್ತುವುದನ್ನು ಕಲಿತವು. ಮುಂದೆ 1966ರಲ್ಲಿ ಉತ್ತರ ಕನ್ನಡದ ಮುಂಡಗೋಡು, 1969ರಲ್ಲಿ ಬೈಲಕುಪ್ಪೆಯದೇ ಎರಡನೇ ವಸಾಹತು, 70ರ ದಶಕದಲ್ಲಿ ಹುಣಸೂರಿನ ಗುರುಪುರ ಮತ್ತು ಕೊಳ್ಳೇಗಾಲದ ಒಡೆಯರಪಾಳ್ಯ. ಹೀಗೆ ಭಾರತದ ದೊಡ್ಡ ಟಿಬೆಟನ್ ವಸಾಹತುಗಳು ಕರ್ನಾಟಕದಲ್ಲೇ ಬೆಳೆದವು. ಲಾಸಾದ ಸುತ್ತಲಿದ್ದ ಮೂರು ಮಹಾವಿಹಾರಗಳಲ್ಲಿ ಸೆರಾ ಬೈಲಕುಪ್ಪೆಯಲ್ಲಿ, ಗಂದೆನ್ ಮತ್ತು ದ್ರೆಪುಂಗ್ ಮುಂಡಗೋಡಿನಲ್ಲಿ ಮತ್ತೆ ತಲೆಯೆತ್ತಿದವು.

ಪೆನ್ಪಾ ತ್ಸೆರಿಂಗ್ ಅವರ ತಲೆಮಾರು ಹುಟ್ಟಿದ್ದು ಈ ಕಾಡು ಕಡಿದ ಹೊಲಗಳ ನಡುವೆ. ತಂದೆತಾಯಿಗಳ ಬಾಯಲ್ಲಿ ಕೇಳಿದ ದೇಶವೇ ಅವರ ದೇಶ.

ನೋಡದ ಊರಿನ ಪ್ರತಿನಿಧಿ

ಸರ್ಕಾರದ ಕಥೆ ಇನ್ನೂ ಮುಂಚಿನದು. ಭಾರತಕ್ಕೆ ಬಂದ ಒಂದೇ ತಿಂಗಳಲ್ಲಿ, 1959ರ ಏಪ್ರಿಲ್ 29ರಂದು, ಮಸ್ಸೂರಿಯಲ್ಲಿ ದಲೈಲಾಮಾ ತಮ್ಮ ಆಡಳಿತವನ್ನು ಮತ್ತೆ ಸ್ಥಾಪಿಸಿದರು. ಮರುವರ್ಷ ಅದು ಧರ್ಮಶಾಲೆಗೆ ಬಂತು. 1960ರ ಸೆಪ್ಟೆಂಬರ್ 2ರಂದು ಮೊದಲ ಬಾರಿಗೆ ಜನಪ್ರತಿನಿಧಿಗಳು ಪ್ರಮಾಣವಚನ ಸ್ವೀಕರಿಸಿದರು. ಬರೀ ಹದಿಮೂರು ಮಂದಿ. ಆ ದಿನವನ್ನು ಇಂದಿಗೂ ಟಿಬೆಟನ್ನರು ಪ್ರಜಾಪ್ರಭುತ್ವ ದಿನವಾಗಿ ಆಚರಿಸುತ್ತಾರೆ. ಗಮನಿಸಿ, ಲಾಸಾದಲ್ಲಿ ಇರುವಾಗ ಅವರಿಗೆ ಚುನಾವಣೆ ಇರಲಿಲ್ಲ. ಪ್ರಜಾಪ್ರಭುತ್ವ ಅವರಿಗೆ ಸಿಕ್ಕಿದ್ದು ದೇಶ ಹೋದ ಮೇಲೆ.

ಈಗಿನ ಸಂಸತ್ತಿನಲ್ಲಿ 45 ಸ್ಥಾನ. ಊ-ತ್ಸಾಂಗ್, ದೋತೋ, ದೋಮೆ ಎಂಬ ಟಿಬೆಟಿನ ಮೂರು ಪ್ರಾಂತ್ಯಗಳಿಗೆ ತಲಾ ಹತ್ತು. ಬೌದ್ಧರ ನಾಲ್ಕು ಪಂಥಗಳಿಗೂ ಪ್ರಾಚೀನ ಬೋನ್ ಧರ್ಮಕ್ಕೂ ತಲಾ ಎರಡು. ಉತ್ತರ ಅಮೆರಿಕಕ್ಕೆ ಎರಡು, ಯುರೋಪಿಗೆ ಎರಡು, ಆಸ್ಟ್ರೇಲಿಯಾ ಮತ್ತು ಭಾರತ-ನೇಪಾಳ ಬಿಟ್ಟು ಉಳಿದ ಏಷ್ಯಾಕ್ಕೆ ಒಂದು. ಪ್ರತಿ ಪ್ರಾಂತ್ಯದ ಹತ್ತರಲ್ಲಿ ಕನಿಷ್ಠ ಇಬ್ಬರು ಮಹಿಳೆಯರು ಇರಲೇಬೇಕು. ಚುನಾವಣೆ ಎರಡು ಸುತ್ತು. ಮೊದಲ ಸುತ್ತಿನಲ್ಲಿ ಜನ ತಮಗೆ ಬೇಕಾದವರ ಹೆಸರು ಸೂಚಿಸುತ್ತಾರೆ, ಎರಡನೆಯದರಲ್ಲಿ ಉಳಿದ ಅಭ್ಯರ್ಥಿಗಳ ನಡುವೆ ಆಯ್ಕೆ. 18 ತುಂಬಿರಬೇಕು, 'ಹಸಿರು ಪುಸ್ತಕ' ಕೈಯಲ್ಲಿರಬೇಕು. ಈ ಹಸಿರು ಪುಸ್ತಕ 1972ರಿಂದ ನಡೆದು ಬಂದದ್ದು. ತಮ್ಮ ಸರ್ಕಾರಕ್ಕೆ ಸ್ವಇಚ್ಛೆಯಿಂದ ಕೊಡುವ ವಂತಿಗೆಯ ಲೆಕ್ಕ ಅದರಲ್ಲಿರುತ್ತದೆ. ಬಾಕಿ ಉಳಿಸಿಕೊಂಡವರು ಅದನ್ನು ತೀರಿಸಿ ಮತ ಹಾಕಬೇಕು.

ಇಲ್ಲೊಂದು ವಿಚಿತ್ರವಿದೆ. 1996ರಲ್ಲಿ ಪೆನ್ಪಾ ತ್ಸೆರಿಂಗ್ ಮೊದಲ ಬಾರಿ ಸಂಸತ್ತಿಗೆ ಆಯ್ಕೆಯಾದದ್ದು ದೋಮೆ ಪ್ರಾಂತ್ಯದಿಂದ. ದೋಮೆ ಎಂದರೆ ಟಿಬೆಟಿನ ಈಶಾನ್ಯದ ಆಮ್ದೊ ಸೀಮೆ. ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಹುಟ್ಟಿದವರಿಗೆ ಅದು ಕ್ಷೇತ್ರ. ಅವರಿಗೆ ಮತ ಹಾಕಿದವರಲ್ಲೂ ಬಹಳ ಮಂದಿ ಆ ಸೀಮೆಯನ್ನು ಕಂಡವರಲ್ಲ. ಅಜ್ಜನ ಊರು ಯಾವುದೋ ಮೊಮ್ಮಗನ ಮತವೂ ಅಲ್ಲಿಗೇ. ಹೊರಗಿನಿಂದ ನೋಡುವವರಿಗೆ ಇದು ಕಾಗದದ ಮೇಲಿನ ಭೂಪಟಕ್ಕೆ ನಡೆಸುವ ಚುನಾವಣೆ ಅನ್ನಿಸಬಹುದು. ಆದರೆ ಆ ಭೂಪಟ ಕೈಬಿಟ್ಟ ದಿನ ತಮ್ಮ ಹಕ್ಕಿನ ಮಾತೂ ಮುಗಿಯುತ್ತದೆ ಎಂಬುದು ಅವರ ಲೆಕ್ಕ.

ಬೇಡ ಎಂದವರ ಕೈಗೇ ಬಂದ ಅಧಿಕಾರ

ಪೆನ್ಪಾ ತ್ಸೆರಿಂಗ್ 2008ರಿಂದ 2016ರವರೆಗೆ ಸಂಸತ್ತಿನ ಸ್ಪೀಕರ್ ಆಗಿದ್ದರು. ಆ ಅವಧಿಯಲ್ಲೇ ಟಿಬೆಟನ್ನರ ಇತಿಹಾಸದ ಬಹುದೊಡ್ಡ ತಿರುವು ಬಂತು. 2011ರ ಮಾರ್ಚ್ 10ರಂದು ದಲೈಲಾಮಾ ತಮ್ಮ ರಾಜಕೀಯ ಅಧಿಕಾರವನ್ನು ಪೂರ್ತಿ ಬಿಟ್ಟುಕೊಡುವುದಾಗಿ ಹೇಳಿದರು. ಸುಮಾರು 370 ವರ್ಷಗಳಿಂದ, ಐದನೇ ದಲೈಲಾಮಾ ಅವರ ಕಾಲದಿಂದ ನಡೆದು ಬಂದ ಪದ್ಧತಿಗೆ ತಾವೇ ಕೊನೆ ಹಾಡುವ ಮಾತು ಅದು. ಸಂಸತ್ತು ಒಪ್ಪಲಿಲ್ಲ. ಮುಂದುವರಿಯಿರಿ ಎಂದು ಬೇಡಿಕೊಂಡಿತು. ಅವರು ಪಟ್ಟು ಬಿಡಲಿಲ್ಲ. ಕೊನೆಗೆ ಸನ್ನದಿಗೆ ತಿದ್ದುಪಡಿಯಾಗಿ ಮೇ 29ರಂದು ದಲೈಲಾಮಾ ಅದಕ್ಕೆ ಸಹಿ ಹಾಕಿದರು.

ಅಧಿಕಾರಕ್ಕಾಗಿ ರೆಸಾರ್ಟಿಗೆ ಬಸ್ಸು ಹತ್ತುವ ರಾಜಕಾರಣ ನೋಡಿದ ನಮಗೆ ಇದು ಬೇರೆಯದೇ ಲೋಕ. ಇಲ್ಲಿ ದೇವರೆಂದು ನಂಬಿದವರು ಅಧಿಕಾರ ಬೇಡ ಎನ್ನುತ್ತಾರೆ, ಆಯ್ಕೆಯಾದವರು ನಮಗೂ ಬೇಡ ಎನ್ನುತ್ತಾರೆ. ಹಾಗೆಂದು ಇದನ್ನು ಬರೀ ಭಕ್ತಿಯ ಕಥೆ ಎಂದುಕೊಳ್ಳಬೇಡಿ. ದಲೈಲಾಮಾ ಲೆಕ್ಕ ಹಾಕಿಯೇ ಮಾಡಿದ್ದರು. ಒಬ್ಬ ವ್ಯಕ್ತಿಯ ಮೇಲೆ ನಿಂತ ಹೋರಾಟ ಆ ವ್ಯಕ್ತಿಯ ಆಯುಸ್ಸಿನಷ್ಟೇ ಬಾಳುತ್ತದೆ. ಅದನ್ನು ದಾಟಬೇಕಾದರೆ ಜನ ಆರಿಸಿದ ನಾಯಕತ್ವ ಬೇಕು. 1963ರ ಕರಡು ಸಂವಿಧಾನದಲ್ಲೇ ತಮ್ಮ ಅಧಿಕಾರವನ್ನು ಕಿತ್ತುಕೊಳ್ಳಲು ಅವಕಾಶವಿರುವ ವಿಧಿಯನ್ನು ಅವರು ಹಟ ಹಿಡಿದು ಸೇರಿಸಿದ್ದರು.

ಆ ವರ್ಷ ಆಗಸ್ಟಿನಲ್ಲಿ ಹಾರ್ವರ್ಡಿನಲ್ಲಿ ಕಾನೂನು ಓದಿದ ಲೋಬ್ಸಾಂಗ್ ಸಾಂಗೇ ಅಧಿಕಾರ ವಹಿಸಿಕೊಂಡರು. ಮರುವರ್ಷ ಆ ಹುದ್ದೆಗೆ 'ಸಿಕ್ಯೊಂಗ್' ಎಂಬ ಹೆಸರು ಬಂತು. 2016ರಲ್ಲಿ ಅವರ ಎದುರು ನಿಂತ ಪೆನ್ಪಾ ತ್ಸೆರಿಂಗ್ ಸೋತರು. 33,876ಕ್ಕೆ 24,864. ಸೋತವರನ್ನು ಗೆದ್ದವರ ಸರ್ಕಾರ ವಾಷಿಂಗ್ಟನ್ನಿಗೆ ಪ್ರತಿನಿಧಿಯಾಗಿ ಕಳಿಸಿತು. ಅಲ್ಲಿಯವರೆಗೆ ಚೆಂದ. 2017ರ ನವೆಂಬರಿನಲ್ಲಿ ಅದೇ ಸರ್ಕಾರ ಅವರನ್ನು ಆ ಹುದ್ದೆಯಿಂದ ತೆಗೆದುಹಾಕಿತು. ಸಮುದಾಯ ಎರಡು ಹೋಳಾಯಿತು. ಕಾಫಿ ಅಂಗಡಿಯಿಂದ ಫೇಸ್‌ಬುಕ್ಕಿನವರೆಗೆ ಜಗಳ.

ಪೆನ್ಪಾ ತ್ಸೆರಿಂಗ್ ಮಾಡಿದ್ದು ಟಿಬೆಟನ್ನರ ಸರ್ವೋಚ್ಚ ನ್ಯಾಯ ಆಯೋಗಕ್ಕೆ ದೂರು ಕೊಡುವ ಕೆಲಸ. ಈ ಆಯೋಗಕ್ಕೆ ಪೊಲೀಸರಿಲ್ಲ, ಜೈಲಿಲ್ಲ. ಒಪ್ಪಿಕೊಂಡವರಿಗಷ್ಟೇ ಅದರ ಮಾತು ಮಾತು. 2019ರ ಅಕ್ಟೋಬರಿನಲ್ಲಿ ತೀರ್ಪು ಬಂತು. ಸರ್ಕಾರ ಕೊಟ್ಟಿದ್ದ ಕಾರಣಗಳಲ್ಲಿ ಕೆಲವಕ್ಕೆ ಆಧಾರವಿಲ್ಲ ಎಂದಿತು. ಅಧಿಕಾರದಲ್ಲಿದ್ದ ಸಿಕ್ಯೊಂಗ್ ಕ್ಷಮೆ ಕೇಳಿದರು. ದಂಡವಿಲ್ಲದ ನ್ಯಾಯಾಲಯದ ಮಾತಿಗೆ ತಲೆಬಾಗಿದ ಸರ್ಕಾರ! ಎರಡು ವರ್ಷದ ನಂತರ ಜನ ದೂರುದಾರರನ್ನೇ ಸಿಕ್ಯೊಂಗ್ ಮಾಡಿದರು.

ಎಲ್ಲವೂ ಸುಖಾಂತ್ಯವಲ್ಲ. 2021ರ ಮಾರ್ಚಿನಲ್ಲಿ ಸಂಸತ್ತಿಗೂ ಅದೇ ನ್ಯಾಯ ಆಯೋಗಕ್ಕೂ ಜಟಾಪಟಿಯಾಗಿ, ಸಂಸತ್ತು ನ್ಯಾಯಾಧೀಶರನ್ನೇ ವಜಾ ಮಾಡಿತು. ಮೇ ತಿಂಗಳಲ್ಲಿ ಅವರು ಮರಳಿ ಬಂದು ಹೊಸ ಸಿಕ್ಯೊಂಗರಿಗೆ ಪ್ರಮಾಣವಚನ ಬೋಧಿಸಿದರು. ಹೊಸ ಸಂಸತ್ತಿನ ಸುಮಾರು ಅರ್ಧದಷ್ಟು ಸದಸ್ಯರು ಅವರ ಮುಂದೆ ಪ್ರಮಾಣ ಸ್ವೀಕರಿಸಲು ಒಪ್ಪಲಿಲ್ಲ. ತಿಂಗಳುಗಟ್ಟಲೆ ಸಂಸತ್ತು ನಡೆಯಲಿಲ್ಲ. ಅಕ್ಟೋಬರಿನಲ್ಲಿ, ದಲೈಲಾಮಾ ಅವರ ಬುದ್ಧಿಮಾತಿನ ನಂತರ, ಬಿಕ್ಕಟ್ಟು ಬಿಡಿಸಿಕೊಂಡಿತು. ಹೋರಾಟಗಾರರನ್ನು ಚಿಂತೆಗೀಡು ಮಾಡಿದ್ದು ಇದೇ. ಅಧಿಕಾರ ಬಿಟ್ಟುಕೊಟ್ಟವರ ಮಾತೇ ಕೊನೆಗೂ ಬೇಕಾಯಿತಲ್ಲ, ಮುಂದೆ ಆ ಹಿರಿಯರು ಇಲ್ಲದ ದಿನ ಏನು ಗತಿ?

ಹೈದರಾಬಾದಿನ ಚಳಿಗಾಲ

ನಾನಿರುವ ಹೈದರಾಬಾದಿಗೂ ಈ ಕಥೆಗೂ ಒಂದು ಎಳೆಯಿದೆ. ಚಳಿಗಾಲ ಬಂತೆಂದರೆ ಟಿಬೆಟನ್ನರು ಸ್ವೆಟರ್ ಮಾರಲು ಇಲ್ಲಿಗೆ ಬರುತ್ತಾರೆ. ಲೂಧಿಯಾನದ ಸಗಟು ವ್ಯಾಪಾರಿಗಳಿಂದ ಸಾಲದ ಮೇಲೆ ಮಾಲು ತಂದು, ಎರಡು ಮೂರು ತಿಂಗಳು ಮಾರಿ, ಸಾಲ ತೀರಿಸಿ ಊರಿಗೆ ಹೋಗುವುದು ಎಷ್ಟೋ ಕುಟುಂಬಗಳ ಜೀವನ. ಒಂದು ಸಂಜೆ ಮಗಳಿಗೆ ಟೋಪಿ ಕೊಳ್ಳುವಾಗ ನಾವಿಬ್ಬರೂ ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದುದು ಅಂಗಡಿಯ ಹಿರಿಯಾಕೆಯ ಕಿವಿಗೆ ಬಿತ್ತು.

"ಕರ್ನಾಟಕದೋರಾ? ಮೊದ್ಲೇ ಹೇಳ್ಬಾರ್ದಾ, ರೇಟು ಬೇರೆ ಹೇಳ್ತಿದ್ದೆ."

"ನಿಮ್ಮದು ಯಾವೂರು ಅಕ್ಕ?"

"ಬೈಲಕುಪ್ಪೆ. ನಮ್ದೂ ಮೈಸೂರೇ."

ಮಾತು ಹಾಗೇ ಚುನಾವಣೆಗೆ ಹೋಯಿತು. ಯಾರಿಗೆ ಹಾಕಿದ್ರಿ ಎಂದು ಕೇಳಿದೆ. ಆಕೆ ನಕ್ಕರು. "ಅದನ್ನ ಹೇಳ್ಬಾರ್ದು ಅಲ್ವಾ? ಗುಟ್ಟಿನ ಓಟು ಅದು. ಗೆದ್ದೋರು ನಮ್ಮೂರೋರು, ಅಷ್ಟು ಸಾಕು."

2021ರ ಮೊದಲ ಸುತ್ತು ನಡೆದದ್ದು ಜನವರಿ 3ರಂದು. ಸ್ವೆಟರ್ ವ್ಯಾಪಾರ ಇನ್ನೂ ಮುಗಿಯದ ಹೊತ್ತು. ಇಂಥವರ ನಡುವೆ ಶೇ. 77 ಮತದಾನ ಎಂದರೆ ಅದರ ತೂಕ ಬೇರೆ. ಊರು ಬಿಟ್ಟು ಊರಿಗೆ ಬಂದು ಹದಿನೈದು ವರ್ಷವಾದರೂ ಮತದಾರರ ಪಟ್ಟಿಯಲ್ಲಿ ಇಲ್ಲಿಯೂ ಇಲ್ಲ, ಅಲ್ಲಿಯೂ ಇಲ್ಲ ಎನ್ನುವ ಗೆಳೆಯರು ನಮ್ಮ ಕಚೇರಿಗಳಲ್ಲಿ ಎಷ್ಟು ಜನ ಇಲ್ಲ?

ಹೊರಗೆ ನಿಂತು ಒಳಗಿನ ಸ್ವಾತಂತ್ರ್ಯಕ್ಕೆ ಹೋರಾಡುವುದು ಈ ನಗರಕ್ಕೆ ಹೊಸದೂ ಅಲ್ಲ. ನಿಜಾಮರ ಕಾಲದಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ 1938ರಲ್ಲಿ ಹುಟ್ಟುವ ಮೊದಲೇ ನಿಷೇಧಕ್ಕೆ ಒಳಗಾಯಿತು. ಜವಾಬ್ದಾರಿ ಸರ್ಕಾರ ಬೇಕು ಎಂದು ಅದನ್ನು ಮುನ್ನಡೆಸಿದ ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು ನಮ್ಮ ಸಿಂದಗಿಯಲ್ಲಿ. 1947-48ರಲ್ಲಿ ನಾಯಕರು ಜೈಲಿನಲ್ಲಿರುವಾಗ, ಗಡಿಯಾಚೆ ಮುಂಡರಗಿ, ಗಜೇಂದ್ರಗಡಗಳಲ್ಲಿ ಶಿಬಿರಗಳು ಎದ್ದವು. ಮುಂಡರಗಿ ಶಿಬಿರಕ್ಕೆ ಅಳವಂಡಿ ಶಿವಮೂರ್ತಿ ಸ್ವಾಮಿಗಳ ನಾಯಕತ್ವ. 1948ರ ಸೆಪ್ಟೆಂಬರ್ 17ಕ್ಕೆ ಅವರ ಕಾಯುವಿಕೆ ಮುಗಿಯಿತು. ರಾಯಚೂರು, ಕಲಬುರಗಿ, ಬೀದರಿನ ಜನ ಮನೆಗೆ ಮರಳಿದರು. ಬೈಲಕುಪ್ಪೆಯ ಕಾಯುವಿಕೆಗೆ ಅರವತ್ತು ವರ್ಷ ದಾಟಿದೆ.

ಎರಡು ಕಾಗದಗಳ ನಡುವೆ

ಈ ಸರ್ಕಾರವನ್ನು ಯಾವ ದೇಶವೂ ಸರ್ಕಾರ ಎಂದು ಮಾನ್ಯ ಮಾಡಿಲ್ಲ, ಭಾರತವೂ ಸೇರಿ. ಅದರ ಅಧಿಕೃತ ಹೆಸರೇ 'ಕೇಂದ್ರೀಯ ಟಿಬೆಟನ್ ಆಡಳಿತ'. ಶಾಲೆ, ಆಸ್ಪತ್ರೆ, ವಸಾಹತುಗಳ ಉಸ್ತುವಾರಿ, ವಿದೇಶಗಳಲ್ಲಿ ಟಿಬೆಟಿನ ಪರ ಮಾತು, ಇವು ಅದರ ಕೆಲಸ. 2002ರಿಂದ 2010ರವರೆಗೆ ಚೀನಾ ಜೊತೆ ಒಂಬತ್ತು ಸುತ್ತು ಮಾತುಕತೆ ನಡೆಯಿತು. ಕೇಳಿದ್ದು ಸ್ವಾತಂತ್ರ್ಯವಲ್ಲ, ಚೀನಾದ ಒಳಗೇ ನಿಜವಾದ ಸ್ವಾಯತ್ತತೆ. ಅದೂ ಸಿಗಲಿಲ್ಲ. 2025ರ ಆರಂಭದಲ್ಲಿ ಅಮೆರಿಕ ವಿದೇಶಿ ನೆರವು ತಡೆಹಿಡಿದಾಗ ಅದರ ಬಿಸಿ ಧರ್ಮಶಾಲೆಗೂ ತಟ್ಟಿತು. ಹೊರಗಿನವರ ಹಣದ ಮೇಲೆ ನಿಂತ ಕಚೇರಿ ಎಷ್ಟು ಗಟ್ಟಿ ಎಂಬ ಪ್ರಶ್ನೆ ಎದ್ದಿತು.

ಅದಕ್ಕಿಂತ ದೊಡ್ಡ ಪ್ರಶ್ನೆ ಜನರದ್ದು. 2009ರ ಗಣತಿಯಲ್ಲಿ ಟಿಬೆಟಿನ ಹೊರಗಿದ್ದವರು ಸುಮಾರು 1 ಲಕ್ಷ 28 ಸಾವಿರ, ಅವರಲ್ಲಿ ಭಾರತದಲ್ಲಿ ಸುಮಾರು 94 ಸಾವಿರ. ಆಮೇಲೆ ಯುವಕರು ಟೊರಾಂಟೊ, ನ್ಯೂಯಾರ್ಕ್, ಪ್ಯಾರಿಸ್ ಕಡೆ ನಡೆದರು. ಟಿಬೆಟಿನಿಂದ ಹೊಸದಾಗಿ ಬರುವವರು ಬೆರಳೆಣಿಕೆಗೆ ಇಳಿದರು. ವಸಾಹತುಗಳಲ್ಲಿ ಮಕ್ಕಳು ಕಡಿಮೆ, ಬೀಗ ಹಾಕಿದ ಮನೆ ಹೆಚ್ಚು.

ಉಳಿದವರ ಕೈಯಲ್ಲಿ ಎರಡು ಕಾಗದ. ಒಂದು, ಭಾರತ ಸರ್ಕಾರ ವಿದೇಶಿಯರಿಗೆ ಕೊಡುವ ನೋಂದಣಿ ಪತ್ರ, ಅವಧಿ ಮುಗಿದಂತೆ ನವೀಕರಿಸಬೇಕು. ಇನ್ನೊಂದು ಹಸಿರು ಪುಸ್ತಕ. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯ ಪೌರರು ಎಂದು ಕಾನೂನು ಹೇಳುತ್ತದೆ. ಇದು ಟಿಬೆಟನ್ನರಿಗೂ ಅನ್ವಯ ಎಂದು 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಹೇಳಿದವು. 2014ರಲ್ಲಿ ಚುನಾವಣಾ ಆಯೋಗ ಇವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ಆಗ ಮನೆಮನೆಯಲ್ಲಿ ಚರ್ಚೆ. ಭಾರತೀಯರಾದರೆ ಪಾಸ್‌ಪೋರ್ಟ್, ನೌಕರಿ, ಜಮೀನು ಸಲೀಸು. ಆದರೆ ನಿರಾಶ್ರಿತರೇ ಉಳಿಯದಿದ್ದರೆ ಕಳೆದುಕೊಂಡ ದೇಶದ ದಾವೆ ಹೂಡುವವರು ಯಾರು? ಒಂದೇ ಮನೆಯ ಅಣ್ಣತಮ್ಮಂದಿರು ಎರಡು ದಾರಿ ಹಿಡಿದದ್ದುಂಟು. ಇಬ್ಬರನ್ನೂ ತಪ್ಪು ಎನ್ನಲಾಗದು.

2025ರ ಜುಲೈ 2ರಂದು, 90 ತುಂಬುವುದಕ್ಕೆ ನಾಲ್ಕು ದಿನ ಮೊದಲು, ದಲೈಲಾಮಾ ತಮ್ಮ ಪರಂಪರೆ ಮುಂದುವರಿಯುತ್ತದೆ, ಮುಂದಿನವರನ್ನು ಗುರುತಿಸುವ ಅಧಿಕಾರ ತಮ್ಮ ಟ್ರಸ್ಟಿಗೆ ಮಾತ್ರ ಎಂದರು. ಚೀನಾ ಕೂಡಲೇ ಒಪ್ಪಿಗೆ ತನ್ನದೇ ಬೇಕು ಎಂದಿತು. ಒಬ್ಬ ದಲೈಲಾಮಾ ಹೋಗಿ ಇನ್ನೊಬ್ಬರು ಹುಡುಗನಾಗಿ ಸಿಕ್ಕಿ, ಬೆಳೆದು ದೊಡ್ಡವರಾಗಲು ಇಪ್ಪತ್ತು ವರ್ಷ ಬೇಕು. ಆ ನಡುವಿನ ಕಾಲದಲ್ಲಿ ಟಿಬೆಟನ್ನರ ಪರವಾಗಿ 'ನಾವು' ಎಂದು ಮಾತಾಡುವ ಹಕ್ಕು ಯಾರಿಗೆ? ಮತದಿಂದ ಬಂದವರಿಗೆ ಮಾತ್ರ. ಸಿಕ್ಯೊಂಗ್ ಹುದ್ದೆಯ ಬೆಲೆ ಇರುವುದು ಇಲ್ಲಿ. ಐದು ವರ್ಷಕ್ಕೊಮ್ಮೆ ಮತ ಹಾಕುವುದನ್ನು ಆ ಜನ ವ್ರತದಂತೆ ನಡೆಸಿಕೊಂಡು ಬಂದಿರುವುದೂ ಇದಕ್ಕೇ.

ಮಡಿಕೇರಿಗೆ ಹೋಗುವ ದಾರಿಯಲ್ಲಿ ಕುಶಾಲನಗರಕ್ಕೆ ಮುಂಚೆ ಎಲ್ಲರೂ ಚಿನ್ನದ ದೇವಾಲಯಕ್ಕೆ ಕಾರು ತಿರುಗಿಸುತ್ತೇವೆ, ಫೋಟೊ ತೆಗೆದು ಮೊಮೊ ತಿಂದು ಹೊರಡುತ್ತೇವೆ. ಮುಂದಿನ ಸಲ ಇನ್ನರ್ಧ ಗಂಟೆ ಇಟ್ಟುಕೊಂಡು ಜೋಳದ ಹೊಲಗಳ ನಡುವಿನ ಶಿಬಿರಗಳ ಕಡೆಗೂ ನಡೆದು ಬನ್ನಿ. ಅಂಗಳದಲ್ಲಿ ಕೂತ ಅಜ್ಜನನ್ನು ಕನ್ನಡದಲ್ಲೇ ಮಾತಾಡಿಸಿ. ಉತ್ತರವೂ ಕನ್ನಡದಲ್ಲೇ ಬರುವ ಸಾಧ್ಯತೆ ಹೆಚ್ಚು.